ಓಬರ್ನ್‌ಡಾರ್ಫ್‌ನಿಂದ ಕಲಕತ್ತೆಗೆ: ಮೌಸರ್ ಪಿಸ್ತೂಲಿನ ಮೊದಲ ರೂಪಗಳು

ಭಾರತದ ಸ್ವಾತಂತ್ರ್ಯ ಹೋರಾಟದ ಇತಿಹಾಸವನ್ನು ಓದುವಾಗ, ಕ್ರಾಂತಿಕಾರಿಗಳ ಪ್ರಸಂಗ ಬಂದೆಡೆಯಲ್ಲಿ 'ಮೌಸರ್ ಪಿಸ್ತೂಲು' ಎಂಬ ಮಾತು ನಮಗೆ ಮತ್ತೆ ಮತ್ತೆ ಎದುರಾಗುತ್ತದೆ. ಬಂಗಾಳದ ಯುವಕರ ಕೈಯಲ್ಲಿ ಮೌಸರ್ ಇತ್ತು, ಕಾಕೋರಿಯ ರೈಲಿನಲ್ಲಿ ಮೌಸರ್ ಇತ್ತು ಎಂದು ಓದಿ ನಾವು ಮುಂದಿನ ಪುಟಕ್ಕೆ ಹೋಗುತ್ತೇವೆ. ಆ ಮೌಸರ್ ಎಂಬುದು ಎಂಥ ವಸ್ತು, ಅದನ್ನು ಮಾಡಿದವರು ಯಾರು, ಸಾವಿರಾರು ಮೈಲಿ ದೂರದ ಜರ್ಮನಿಯ ಒಂದು ಕಣಿವೆಯ ಊರಿನಿಂದ ಅದು ಇಲ್ಲಿಗೆ ಬಂದುದು ಹೇಗೆ ಎಂದು ಕೇಳುವವರು ಕಡಿಮೆ. ಆಯುಧದ ವಿವರ ಸಿಪಾಯಿಗಳಿಗೂ ಸಂಗ್ರಾಹಕರಿಗೂ ಬಿಟ್ಟದ್ದು, ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಗೆ ಅದೇಕೆ ಎಂದು ಕೆಲವರಿಗೆ ಅನಿಸಬಹುದು. ಆದರೆ ಈ ಒಂದು ಪಿಸ್ತೂಲಿನ ಮಟ್ಟಿಗೆ, ಅದರ ಮರದ ಪೆಟ್ಟಿಗೆ, ತೋಟಾ ತುಂಬುವ ಕ್ರಮ, ಲೋಹದ ಮೇಲೆ ಕೊರೆದ ಸಂಖ್ಯೆ ಮುಂತಾದ ಸಣ್ಣ ಸಂಗತಿಗಳೇ ಮುಂದೆ ನಡೆದ ದೊಡ್ಡ ಘಟನೆಗಳ ದಾರಿಯನ್ನು ಒಂದಿಷ್ಟು ನಿರ್ಧರಿಸಿದವು ಎಂಬುದು ನಮ್ಮ ಅಭಿಪ್ರಾಯ.

ಅಕ್ಕಲಕೋಟೆಯ ಅರಮನೆಯ ಶಸ್ತ್ರಾಗಾರವನ್ನು ಕಂಡವರು ನಮ್ಮ ಬಳಗದಲ್ಲಿ ಅನೇಕರಿದ್ದಾರೆ. ಅಂಥ ಕಡೆ ಕತ್ತಿಗಳ ಮುಂದೆ ಬಹಳ ಹೊತ್ತು ನಿಲ್ಲುವ ನಾವು ಬಂದೂಕುಗಳ ಸಾಲನ್ನು ಬೇಗ ದಾಟಿಬಿಡುತ್ತೇವೆ. ಕತ್ತಿಗೆ ಕಥೆಯುಂಟು, ಯಂತ್ರಕ್ಕೆ ಕಥೆಯಿಲ್ಲ ಎಂಬ ಭಾವನೆ ಇದಕ್ಕೆ ಕಾರಣವಿರಬೇಕು.

ಜರ್ಮನಿಯ ನೈಋತ್ಯ ಭಾಗದ ವ್ಯೂರ್ಟೆಂಬರ್ಗ್ ಪ್ರಾಂತದಲ್ಲಿ, ನೆಕಾರ್ ನದಿಯ ದಡದಲ್ಲಿ ಓಬರ್ನ್‌ಡಾರ್ಫ್ ಎಂಬ ಸಣ್ಣ ಊರಿದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಲ್ಲಿನ ಅರಸರು ಊರಿನ ಹಳೆಯ ಆಗಸ್ಟೀನಿಯನ್ ಸನ್ಯಾಸಿಗಳ ಮಠವನ್ನು ಬಂದೂಕಿನ ಕಾರ್ಖಾನೆಯಾಗಿ ಮಾರ್ಪಡಿಸಿದರು. ಅದೇ ಊರಿನಲ್ಲಿ 1838ರಲ್ಲಿ ಹುಟ್ಟಿದ ಪಾಲ್ ಮೌಸರ್ ತನ್ನ ಅಣ್ಣ ವಿಲ್ಹೆಲ್ಮನೊಡನೆ ಸೇರಿ ರೈಫಲುಗಳ ತಯಾರಿಕೆಯಲ್ಲಿ ಜಗತ್ಪ್ರಸಿದ್ಧನಾದನು. ಅವನ ಹೆಸರಿನ ರೈಫಲನ್ನು ಹಲವು ದೇಶಗಳ ಸೈನ್ಯಗಳು ಹೊತ್ತವು. ಆದರೆ ನಾವು ಹೇಳಹೊರಟಿರುವ ಪಿಸ್ತೂಲು ಅವನ ಕೈಯ ಕೂಸಲ್ಲ. ಕಾರ್ಖಾನೆಯ ಪ್ರಯೋಗಶಾಲೆಯ ಮೇಲ್ವಿಚಾರಕನಾಗಿದ್ದ ಫಿಡೆಲ್ ಫೀಡೆರ್ಲೆ ಮತ್ತು ಅವನ ಸೋದರರಾದ ಫ್ರೀಡ್ರಿಷ್ ಹಾಗೂ ಯೋಸೆಫ್ 1893ರಿಂದ ಮುಂದಿನ ಎರಡು ಮೂರು ವರ್ಷಗಳಲ್ಲಿ ಅದನ್ನು ರೂಪಿಸಿದರು. ಬಿಡುವಿನ ಹೊತ್ತಿನಲ್ಲಿ, ಒಡೆಯನಿಗೆ ತಿಳಿಯದಂತೆಯೇ ಅವರು ಈ ಕೆಲಸವನ್ನು ಆರಂಭಿಸಿದರೆಂಬ ಮಾತೂ ಉಂಟು. ಮೊದಲ ಮಾದರಿಯ ಮೇಲೆ 1895ರ ಮಾರ್ಚ್ 15 ಎಂಬ ದಿನಾಂಕವನ್ನು ಕೊರೆಯಲಾಗಿದೆ. ಅದೇ ವರ್ಷದ ಡಿಸೆಂಬರಿನಲ್ಲಿ ಪೇಟೆಂಟಿಗೆ ಅರ್ಜಿ ಹೋದಾಗ ಅದು ಹೋದದ್ದು ಪಾಲ್ ಮೌಸರನ ಹೆಸರಿನಲ್ಲಿ. ಮುಂದಿನ ನಾಲ್ಕು ದಶಕಗಳಲ್ಲಿ ಸುಮಾರು ಹತ್ತು ಲಕ್ಷ ಪಿಸ್ತೂಲುಗಳು ಆ ಕಾರ್ಖಾನೆಯಿಂದ ಹೊರಬಿದ್ದವು. ಅವುಗಳ ಮೈಮೇಲೆ ಓದಸಿಗುವುದು ಮೌಸರನ ಹೆಸರೇ ಹೊರತು ಫೀಡೆರ್ಲೆ ಸೋದರರದಲ್ಲ. ನಮ್ಮ ದೇವಾಲಯಗಳಲ್ಲಿ ಕಟ್ಟಿಸಿದ ಅರಸನ ಶಾಸನ ಉಳಿದು ಕಂಡರಿಸಿದ ರೂವಾರಿಯ ಹೆಸರು ಮಾಯವಾಗುವುದನ್ನು ಬಲ್ಲ ನಮಗೆ ಇದು ಹೊಸದೇನೂ ಅಲ್ಲ. ಆದರೂ ಬೇಲೂರಿನ ಕೆಲವು ಶಿಲ್ಪಿಗಳಿಗೆ ತಮ್ಮ ಹೆಸರನ್ನು ಕಲ್ಲಿನ ಮೇಲೆ ಬರೆದುಕೊಳ್ಳುವ ಭಾಗ್ಯವಾದರೂ ಇತ್ತು.

ಅಂದಿನ ವರೆಗೆ ಸೊಂಟದ ಆಯುಧವೆಂದರೆ ರಿವಾಲ್ವರ್. ತಿರುಗುವ ಉರುಳೆಯ ಐದಾರು ಕುಳಿಗಳಲ್ಲಿ ತೋಟಾ ಇಟ್ಟು ಒಂದೊಂದಾಗಿ ಹಾರಿಸುವುದು ಅದರ ಕ್ರಮ. ಹೊಗೆಯಿಲ್ಲದ ಮದ್ದು ಬಳಕೆಗೆ ಬಂದ ಮೇಲೆ, ಗುಂಡು ಮುಂದಕ್ಕೆ ಹೋಗುವಾಗ ಹಿಂದಕ್ಕೆ ಒದೆಯುವ ಬಲವನ್ನೇ ದುಡಿಸಿಕೊಂಡು ಮುಂದಿನ ತೋಟಾವನ್ನು ತಾನಾಗಿ ತುಂಬಿಕೊಳ್ಳುವ ಪಿಸ್ತೂಲನ್ನು ಮಾಡಬಹುದೆಂದು ಯೂರೋಪಿನ ಹಲವು ಕುಶಲಿಗಳು ಏಕಕಾಲಕ್ಕೆ ಆಲೋಚಿಸತೊಡಗಿದರು. ಹ್ಯೂಗೋ ಬೋರ್ಷಾರ್ಟ್ ಎಂಬಾತನು 1893ರಲ್ಲಿ ರೂಪಿಸಿದ ಪಿಸ್ತೂಲನ್ನು ಬರ್ಲಿನ್ನಿನ ಲೋವೆ ಕಂಪನಿ ತಯಾರಿಸಿ ಮಾರಿತು. ಆ ಪಿಸ್ತೂಲು ಗಾತ್ರದಲ್ಲಿ ಒಡ್ಡೊಡ್ಡಾಗಿತ್ತು, ಆದರೆ ಅದರ ತೋಟಾ ಒಳ್ಳೆಯದಿತ್ತು. ಫೀಡೆರ್ಲೆ ಸೋದರರು ಆ ತೋಟಾದ ಅಳತೆಯನ್ನೇ ಹೆಚ್ಚುಕಡಿಮೆ ಉಳಿಸಿಕೊಂಡು ಮದ್ದಿನ ಬಲವನ್ನು ಏರಿಸಿದರು. 7.63 ಮಿಲಿಮೀಟರ್ ಮೌಸರ್ ತೋಟಾ ಎಂದು ಪ್ರಸಿದ್ಧವಾದದ್ದು ಇದೇ. ಸುಮಾರು ಐದೂವರೆ ಗ್ರಾಂ ತೂಕದ ಸಣ್ಣ ಗುಂಡು ಸೆಕೆಂಡಿಗೆ 430 ಮೀಟರಿನಷ್ಟು ವೇಗದಲ್ಲಿ ಹೊರಬೀಳುತ್ತಿತ್ತು. 1935ರ ವರೆಗೂ ಮಾರುಕಟ್ಟೆಯಲ್ಲಿ ಇದಕ್ಕಿಂತ ವೇಗದ ಪಿಸ್ತೂಲಿನ ತೋಟಾ ಇರಲಿಲ್ಲ.

ಇನ್ನು ಒಳಗಿನ ರಚನೆ. ಬಾಗಿಲು ಹಾಕಿ ಅಗುಳಿ ಜಡಿದಂತೆ, ಗುಂಡು ಹಾರುವ ಕ್ಷಣದಲ್ಲಿ ತೋಟಾದ ಹಿಂಬದಿಯು ಭದ್ರವಾಗಿ ಮುಚ್ಚಿರಬೇಕು. ಗುಂಡು ನಳಿಗೆಯನ್ನು ಬಿಟ್ಟ ಮೇಲೆ ಮಾತ್ರ ಆ ಬಾಗಿಲು ತೆರೆಯಬೇಕು. ಸ್ವಲ್ಪ ಮೊದಲೇ ತೆರೆದರೆ ಹಾರಿಸುವವನ ಮುಖಕ್ಕೇ ಅಪಾಯ. ಈ ಪಿಸ್ತೂಲಿನಲ್ಲಿ ನಳಿಗೆಯೂ ಅದರ ಹಿಂದಿನ ಚೌಕಾಕಾರದ ಕೊಳವೆಯೂ ಒಂದೇ ಉಕ್ಕಿನ ತುಂಡು. ಆ ಕೊಳವೆಯೊಳಗೆ ಬೋಲ್ಟ್ ಜಾರುತ್ತದೆ. ಬೋಲ್ಟಿನ ಕೆಳಗೆ ಒಂದು ಸಣ್ಣ ಉಕ್ಕಿನ ಅಗುಳಿ ಹಲ್ಲು ಕಚ್ಚಿಕೊಂಡಿರುತ್ತದೆ. ಗುಂಡು ಹಾರಿದಾಗ ನಳಿಗೆ, ಬೋಲ್ಟ್ ಎರಡೂ ಕೂಡಿಯೇ ಕೆಲವು ಮಿಲಿಮೀಟರ್ ಹಿಂದಕ್ಕೆ ಸರಿಯುತ್ತವೆ. ಅಷ್ಟರಲ್ಲಿ ಅಗುಳಿ ಕೆಳಗೆ ಇಳಿದು ಬೋಲ್ಟನ್ನು ಬಿಡುತ್ತದೆ, ನಳಿಗೆ ನಿಲ್ಲುತ್ತದೆ, ಬೋಲ್ಟ್ ಒಂದೇ ಹಿಂದಕ್ಕೆ ಧಾವಿಸಿ ಖಾಲಿ ತೋಟಾವನ್ನು ಹೊರಗೆಸೆದು, ಹಿಂದಿರುವ ಬಡಿಗೆಯನ್ನು ಮಡಿಸಿ, ಸ್ಪ್ರಿಂಗಿನ ಬಲದಿಂದ ಮರಳುವಾಗ ಹೊಸ ತೋಟಾವನ್ನು ನಳಿಗೆಗೆ ತಳ್ಳುತ್ತದೆ. ಟ್ರಿಗರನ್ನು ಒತ್ತಿದಷ್ಟು ಸಲ ಒಂದೊಂದೇ ಗುಂಡು. ಇದನ್ನೇ ಅರೆ ಸ್ವಯಂಚಾಲಿತ ಎನ್ನುವುದು. ಅತಿ ಮೊದಲ ಮಾದರಿಗಳಲ್ಲಿ ಅಗುಳಿಗೆ ಒಂದೇ ಹಲ್ಲಿತ್ತು. ಮಾರಾಟದ ಪಿಸ್ತೂಲುಗಳ ಕಾಲಕ್ಕೆ ಅದು ಎರಡು ಹಲ್ಲಾಯಿತು. ಬೋಲ್ಟನ್ನು ಇನ್ನಷ್ಟು ಬಿಗಿಯಾಗಿ ಹಿಡಿಯಬೇಕೆಂಬುದು ಪ್ರಯೋಗಶಾಲೆಯಲ್ಲಿ ಗುಂಡು ಹಾರಿಸಿ ಹಾರಿಸಿ ಕಲಿತ ಪಾಠವಿರಬೇಕು.

ಯಂತ್ರ ಬಲ್ಲವರು ಈ ಪಿಸ್ತೂಲನ್ನು ಇಂದಿಗೂ ಕೊಂಡಾಡುವುದು ಬೇರೊಂದು ಕಾರಣಕ್ಕೆ. ಇದರ ಒಳಗಿನ ಯಾವ ಭಾಗವನ್ನೂ ತಿರುಪುಮೊಳೆಯಿಂದಾಗಲಿ ಬಡಿದು ಕೂರಿಸಿದ ಕಡ್ಡಿಯಿಂದಾಗಲಿ ಹಿಡಿದಿಟ್ಟಿಲ್ಲ. ಇಡೀ ಪಿಸ್ತೂಲಿಗೆ ಇರುವುದು ಹಿಡಿಯ ಮರದ ಹಲಗೆಗಳನ್ನು ಬಿಗಿಯುವ ಒಂದೇ ತಿರುಪು. ಮಿಕ್ಕದ್ದೆಲ್ಲ ಒಂದರ ಗೂಡಿಗೆ ಇನ್ನೊಂದು ಕೂತು, ಒಂದರ ಸ್ಪ್ರಿಂಗು ಇನ್ನೊಂದನ್ನು ತಡೆದು, ಮಕ್ಕಳಾಡುವ ಮರದ ಒಗಟಿನಂತೆ ಪರಸ್ಪರ ಬಂಧಿಸಿಕೊಂಡಿವೆ. ಬಡಿಗೆ, ಟ್ರಿಗರಿನ ಕೊಂಡಿ, ಸುರಕ್ಷೆಯ ಸನ್ನೆ ಇವೆಲ್ಲ ಕೂತಿರುವ ಒಳಚೌಕಟ್ಟನ್ನು ಒಂದೇ ಗಂಟಾಗಿ ಹೊರತೆಗೆಯಬಹುದು. ನಮ್ಮ ಹಳೆಯ ಮನೆಗಳ ತೊಲೆಜಂತಿಗಳನ್ನು ಮೊಳೆಯಿಲ್ಲದೆ ಕೂರಿಸಿದ ಬಡಗಿಗಳು ಇದನ್ನು ಕಂಡಿದ್ದರೆ ತಲೆದೂಗುತ್ತಿದ್ದರು. ಇದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. ಉಕ್ಕಿನ ಗಟ್ಟಿ ತುಂಡುಗಳನ್ನು ಕೊರೆದು, ಕೆರೆದು, ಉಜ್ಜಿ ಕೂಡಿಸಬೇಕಾದುದರಿಂದ ದುಡಿಮೆ ಅಪಾರ, ಮಾರಾಟದ ಬೆಲೆ ದುಬಾರಿ.

ತೋಟಾಗಳ ಗೂಡು ಇಂದಿನ ಪಿಸ್ತೂಲುಗಳಂತೆ ಹಿಡಿಯೊಳಗಿಲ್ಲ. ರೈಫಲಿನಂತೆ ಟ್ರಿಗರಿನ ಮುಂದಿದೆ. ಅದನ್ನು ಕಳಚಿ ಬದಲಿಸುವಂತಿಲ್ಲ. ಹತ್ತು ತೋಟಾಗಳನ್ನು ಸಾಲಾಗಿ ಹಿಡಿದ ಲೋಹದ ಪಟ್ಟಿಯೊಂದನ್ನು ಮೇಲಿನಿಂದ ಸಿಕ್ಕಿಸಿ, ಹೆಬ್ಬೆರಳಿನಿಂದ ಒತ್ತಿ ತೋಟಾಗಳನ್ನು ಒಮ್ಮೆಗೆ ಕೆಳಗಿಳಿಸಿ, ಪಟ್ಟಿಯನ್ನು ಕಿತ್ತೊಡನೆ ಬೋಲ್ಟ್ ಮುಂದೆ ಹಾರಿ ಪಿಸ್ತೂಲು ಸಿದ್ಧವಾಗುತ್ತದೆ. ರೈಫಲಿಗೆ ತೋಟಾಪಟ್ಟಿಯನ್ನು ಅಳವಡಿಸಿ ಹೆಸರಾದ ಕಾರ್ಖಾನೆಗೆ ಇದು ಸಹಜವಾಗಿಯೇ ಹೊಳೆದ ಉಪಾಯ. ಗೂಡು ಮುಂದಿದ್ದುದರಿಂದ ಹಿಡಿಯನ್ನು ದುಂಡಗೆ, ಸಣ್ಣಗೆ ಮಾಡಲು ಸಾಧ್ಯವಾಯಿತು. ಪೊರಕೆಯ ಹಿಡಿಯಂತೆ ಕಾಣುವ ಅದನ್ನು ನೋಡಿ ಇಂಗ್ಲಿಷರು ಪಿಸ್ತೂಲಿಗೇ 'ಪೊರಕೆಹಿಡಿ' ಎಂದು ಅಡ್ಡಹೆಸರಿಟ್ಟರು. ಮೊದಲ ವರ್ಷಗಳಲ್ಲಿ ಆರು, ಹತ್ತು, ಇಪ್ಪತ್ತು ತೋಟಾಗಳ ಮೂರು ಬಗೆಯ ಗೂಡುಗಳನ್ನು ಪರೀಕ್ಷಿಸಲಾಯಿತು. ಇಪ್ಪತ್ತರದು ಕೈಗೆ ಭಾರವಾಯಿತು, ಅಂಥವು ಬೆರಳೆಣಿಕೆಯಷ್ಟು ಮಾತ್ರ ಉಳಿದಿವೆ. ಆರರದು ಗಿಡ್ಡ ನಳಿಗೆಯೊಡನೆ ಕೆಲಕಾಲ ನಡೆಯಿತು. ಹತ್ತರದು ನೆಲೆಯೂರಿತು.

ಮೊದಲ ರೂಪಗಳನ್ನು ಒಂದರಿಂದೊಂದು ಬೇರ್ಪಡಿಸುವ ಅತ್ಯಂತ ಸುಲಭದ ಗುರುತು ಹಿಂಬದಿಯ ಬಡಿಗೆ. ಹಳೆಯ ಬಂದೂಕುಗಳಲ್ಲಿ ನಮ್ಮವರು ಇದನ್ನು 'ಕುದುರೆ' ಎಂದು ಕರೆಯುತ್ತಿದ್ದರು. ಸೊಗಸಾದ ಮಾತು. ಇಲ್ಲಿಯೂ ಅದನ್ನೇ ಬಳಸೋಣ. 1896ರಿಂದ 1899ರ ವರೆಗಿನ ಪಿಸ್ತೂಲುಗಳ ಕುದುರೆಯ ತಲೆಯ ಎರಡು ಪಕ್ಕಗಳಲ್ಲಿ ಶಂಕುವಿನಂತೆ ಮೆಟ್ಟಿಲುಮೆಟ್ಟಿಲಾಗಿ ಏರುವ ಉಂಗುರಗೆರೆಗಳಿವೆ. ಹೆಬ್ಬೆರಳು ಜಾರದಿರಲಿ ಎಂಬುದು ಉದ್ದೇಶ. ಸಂಗ್ರಾಹಕರು ಇವನ್ನು ಶಂಕುಕುದುರೆಯ ಮೌಸರ್ ಎಂದು ಹೆಸರಿಸಿ ದೊಡ್ಡ ಬೆಲೆ ಕೊಡುತ್ತಾರೆ. 1899ರ ಸುಮಾರಿಗೆ ಶಂಕು ಹೋಗಿ ನಡುವೆ ತೂತಿರುವ ದೊಡ್ಡ ಉಂಗುರ ಬಂದಿತು. ಕುದುರೆ ಮಡಿಸದೆ ಇದ್ದಾಗ ಈ ದೊಡ್ಡ ಉಂಗುರ ಗುರಿನೋಟಕ್ಕೆ ಅಡ್ಡ ನಿಲ್ಲುತ್ತದೆ, ಹೀಗಾಗಿ ಪಿಸ್ತೂಲು ಸಿದ್ಧವಿಲ್ಲವೆಂಬುದು ಗುರಿಯಿಡುವವನಿಗೆ ತಟ್ಟನೆ ತಿಳಿಯುತ್ತದೆ ಎಂಬ ವಿವರಣೆಯನ್ನು ಬಲ್ಲವರು ಕೊಡುತ್ತಾರೆ. ಐದಾರು ವರ್ಷ ಕಳೆದ ಮೇಲೆ, 1905ರ ಹೊತ್ತಿಗೆ, ಉಂಗುರ ಚಿಕ್ಕದಾಯಿತು. ಕೊನೆಯ ವರೆಗೂ ಆ ಚಿಕ್ಕ ಉಂಗುರವೇ ಉಳಿಯಿತು. ಒಂದು ಹಳೆಯ ಛಾಯಾಚಿತ್ರದಲ್ಲಿ ಪಿಸ್ತೂಲಿನ ಹಿಂಭಾಗ ಸ್ಪಷ್ಟವಾಗಿ ಕಂಡರೆ ಸಾಕು, ಅದು ಯಾವ ಕಾಲದ್ದೆಂದು ಹೇಳಬಹುದು. ಲಿಪಿಯ ತಲೆಕಟ್ಟನ್ನು ನೋಡಿ ಶಾಸನದ ಶತಮಾನ ಹೇಳುವ ವಿದ್ಯೆಯಂತೆಯೇ ಇದು.

ಪಕ್ಕಗಳಲ್ಲಿಯೂ ಇಂಥ ಗುರುತುಗಳಿವೆ. ಮೊದಲ ಪಿಸ್ತೂಲುಗಳ ಚೌಕಟ್ಟಿನ ಎರಡು ಬದಿಗಳಲ್ಲಿ ಲೋಹವನ್ನು ತಗ್ಗಾಗಿ ಕೆತ್ತಿ ಅಂಕಣಗಳನ್ನು ಬಿಟ್ಟಿದ್ದರು. ಶತಮಾನದ ತಿರುವಿನ ಸುಮಾರಿಗೆ ಆ ಕೆತ್ತನೆ ನಿಂತು ಬದಿಗಳು ನುಣ್ಣನೆಯ ಹಲಗೆಯಂತಾದವು. ಕೆಲವೇ ವರ್ಷಗಳಲ್ಲಿ ಅಂಕಣಗಳು ಮರಳಿ ಬಂದವು. ಕೆತ್ತಿದರೆ ತೂಕ ತುಸು ಇಳಿಯುತ್ತದೆ, ಕೆತ್ತದಿದ್ದರೆ ಕೆಲಸ ಇಳಿಯುತ್ತದೆ. ಇವೆರಡರ ನಡುವೆ ಕಾರ್ಖಾನೆಯ ಮನಸ್ಸು ಹೊಯ್ದಾಡಿದಂತೆ ನಮಗೆ ತೋರುತ್ತದೆ. ಅತಿ ಮೊದಲಿನವುಗಳ ನಳಿಗೆಯ ಬುಡದಲ್ಲಿ 'ಸಿಸ್ಟಮ್ ಮೌಸರ್' ಎಂಬ ಎರಡೇ ಪದಗಳು, ಆಮೇಲಿನವುಗಳಲ್ಲಿ ಕಾರ್ಖಾನೆಯ ಮತ್ತು ಊರಿನ ಪೂರ್ಣ ಹೆಸರು. ಸುರಕ್ಷೆಯ ಸನ್ನೆ ಹಲವು ಬಾರಿ ಬದಲಾಯಿತು. ಮೊದಲ ಮಹಾಯುದ್ಧದ ಆಸುಪಾಸಿನಲ್ಲಿ ಕುದುರೆಯನ್ನು ತುಸು ಹಿಂದಕ್ಕೆಳೆಯದೆ ಸನ್ನೆಯನ್ನು ಕದಲಿಸಲಾಗದಂತೆ ಮಾಡಿ, 'ಹೊಸ ಸುರಕ್ಷೆ' ಎಂಬ ಅರ್ಥದ ಎರಡು ಜರ್ಮನ್ ಅಕ್ಷರಗಳನ್ನು ಕುದುರೆಯ ಬೆನ್ನ ಮೇಲೆ ಒತ್ತತೊಡಗಿದರು.

ಎಲ್ಲಕ್ಕಿಂತ ಮುಖ್ಯವಾದ ಅಂಗ ಪಿಸ್ತೂಲಿನ ಹೊರಗಿತ್ತು. ಅಕ್ರೋಟದ ಮರವನ್ನು ಪೊಳ್ಳಾಗಿ ಕೊರೆದು ಮಾಡಿದ, ಮುಚ್ಚಳವಿರುವ ಒಂದು ಒರೆಪೆಟ್ಟಿಗೆ ಅದು. ಸಾಗಿಸುವಾಗ ಪಿಸ್ತೂಲು ಅದರೊಳಗೆ ನಿದ್ರಿಸುತ್ತದೆ. ಬೇಕೆಂದಾಗ ಪೆಟ್ಟಿಗೆಯ ಕಿರಿದಾದ ತುದಿಯ ಕಬ್ಬಿಣದ ನಾಲಗೆಯನ್ನು ಹಿಡಿಯ ಹಿಂಬದಿಯ ಗಾಡಿಗೆ ಜಾರಿಸಿದರೆ, ಒರೆಯೇ ಭುಜಕ್ಕೊತ್ತುವ ಬಂದೂಕಿನ ಹಿಂಗಟ್ಟಾಗುತ್ತದೆ. ಕೈಯಳತೆಯ ಪಿಸ್ತೂಲು ಕ್ಷಣಮಾತ್ರದಲ್ಲಿ ಚಿಕ್ಕ ರೈಫಲಾಗಿ ಮಾರ್ಪಡುವ ಈ ಏರ್ಪಾಡಿಗೆ ತಕ್ಕಂತೆ ಗುರಿಪಟ್ಟಿಯ ಮೇಲೆ 1000 ಮೀಟರಿನ ವರೆಗೆ ಅಂಕಿಗಳನ್ನು ಕೊರೆದಿದ್ದರು. ಅಷ್ಟು ದೂರದ ಮನುಷ್ಯನಿಗೆ ಪಿಸ್ತೂಲಿನಿಂದ ಗುಂಡು ತಾಗಿಸುವುದು ಜಾಹೀರಾತಿನಲ್ಲಿ ಮಾತ್ರ ಸಾಧ್ಯ. ಆದರೆ ನೂರಿನ್ನೂರು ಮೀಟರಿನ ಮಾತು ಬೇರೆ.

1896ರ ಆಗಸ್ಟ್ ತಿಂಗಳಲ್ಲಿ ಪಾಟ್ಸ್‌ಡ್ಯಾಮಿನಲ್ಲಿ ಕೈಸರ್ ಎರಡನೆಯ ವಿಲ್ಹೆಲ್ಮನ ಎದುರು ಈ ಪಿಸ್ತೂಲಿನ ಪ್ರದರ್ಶನ ನಡೆಯಿತು. ಚಕ್ರವರ್ತಿ ಮೆಚ್ಚಿದನು, ಸೈನ್ಯ ಕೊಳ್ಳಲಿಲ್ಲ. ಮೊದಲು ಸೈನಿಕ ಬಳಕೆಗೆ ತರಿಸಿದವರು ತುರ್ಕರು, 1897ರಲ್ಲಿ, ಒಂದು ಸಾವಿರ. ಅವುಗಳ ಗುರಿಪಟ್ಟಿಯ ಅಂಕಿಗಳನ್ನು ಅವರ ಲಿಪಿಯಲ್ಲೇ ಕೊರೆದು, 1314 ಎಂಬ ಅವರ ವರ್ಷವನ್ನೂ ನಮೂದಿಸಲಾಯಿತು. 1899ರಲ್ಲಿ ಇಟಲಿಯ ನೌಕಾಪಡೆ ಐದು ಸಾವಿರಕ್ಕೆ ಬೇಡಿಕೆಯಿಟ್ಟಿತು. ನುಣುಪು ಬದಿಯ ರೂಪ ಹೆಚ್ಚಾಗಿ ಕಾಣುವುದು ಇವುಗಳಲ್ಲೇ. ತಾಯ್ನಾಡಿನ ಭೂಸೇನೆ ಮಾತ್ರ 1908ರಲ್ಲಿ ಲೂಗರ್ ಪಿಸ್ತೂಲನ್ನು ವರಿಸಿತು. 1916ರಲ್ಲಿ ಯುದ್ಧದ ಬಿಕ್ಕಟ್ಟಿನಲ್ಲಿ ಆಯುಧ ಸಾಲದಾದಾಗಲಷ್ಟೆ ಮೌಸರಿಗೆ ಒಂದೂವರೆ ಲಕ್ಷದ ಬೇಡಿಕೆ ಬಂದಿತು. ಹೀಗೆ ಸ್ವಂತ ಸೈನ್ಯದ ಆಶ್ರಯವಿಲ್ಲದ ಪಿಸ್ತೂಲು ಅಂಗಡಿಗಳನ್ನು ನಂಬಿ ಬದುಕಬೇಕಾಯಿತು. ಲಂಡನ್ನಿನ, ಶಾಂಘೈಯ, ಕಲಕತ್ತೆಯ ವ್ಯಾಪಾರಿಗಳು ಅದನ್ನು ತರಿಸಿದರು. ಹಣವಿದ್ದವರು ಕೊಂಡರು. ಅದರ ಮುಂದಿನ ಚರಿತ್ರೆಯೆಲ್ಲ ಈ ಒಂದು ಸಂಗತಿಯಿಂದ ಹೊರಟಿದೆ.

ಹಾಗೆ ಕೊಂಡವರಲ್ಲಿ ಬೆಂಗಳೂರಿನ ದಂಡಿನ ಒಬ್ಬ ತರುಣ ಅಧಿಕಾರಿಯೂ ಇದ್ದನು. ನಾಲ್ಕನೆಯ ಹುಸಾರ್ ಕುದುರೆಪಡೆಯ ವಿನ್‌ಸ್ಟನ್ ಚರ್ಚಿಲ್ 1896ರ ಅಕ್ಟೋಬರಿನಲ್ಲಿ ಮುಂಬಯಿಯ ಸಸೂನ್ ಬಂದರಿನಲ್ಲಿ ದೋಣಿಯಿಂದ ಇಳಿಯುವಾಗ ಗೋಡೆಯ ಕಬ್ಬಿಣದ ಬಳೆಯನ್ನು ಹಿಡಿದನು. ಅಷ್ಟರಲ್ಲಿ ಅಲೆ ದೋಣಿಯನ್ನು ಎಳೆದೊಯ್ದು ಅವನ ಬಲಭುಜದ ಕೀಲು ಸಡಿಲವಾಯಿತು. ಅಲ್ಲಿಂದ ಬೆಂಗಳೂರಿಗೆ ಬಂದ ಅವನು ಇಲ್ಲಿ ಪೋಲೋ ಆಡಿದ್ದು, ಪುಸ್ತಕಗಳನ್ನು ರಾಶಿರಾಶಿಯಾಗಿ ಓದಿದ್ದು, ಬೆಂಗಳೂರು ಕ್ಲಬ್ಬಿಗೆ 13 ರೂಪಾಯಿ ಬಾಕಿ ಉಳಿಸಿ ಹೋದದ್ದು ಎಲ್ಲರಿಗೂ ಗೊತ್ತಿರುವ ಕಥೆ. ಆ ಭುಜದ ನೋವು ಮಾತ್ರ ಅವನನ್ನು ಬಿಡಲಿಲ್ಲ. ಕತ್ತಿ ಬೀಸಿದರೆ ಕೀಲು ಕಳಚೀತೆಂಬ ಭಯದಿಂದ ಅವನು ಮೌಸರ್ ಪಿಸ್ತೂಲೊಂದನ್ನು ಕೊಂಡುಕೊಂಡನು. 1898ರ ಸೆಪ್ಟೆಂಬರ್ 2ರಂದು ಸೂಡಾನಿನ ಓಮ್‌ದುರ್ಮಾನ್ ರಣಭೂಮಿಯಲ್ಲಿ 21ನೆಯ ಲ್ಯಾನ್ಸರ್ ಪಡೆ ನುಗ್ಗಿದಾಗ, ಅದರೊಡನೆ ಸೇರಿದ್ದ ಚರ್ಚಿಲ್ ಕತ್ತಿಯನ್ನು ಒರೆಗೆ ಸೇರಿಸಿ ಈ ಪಿಸ್ತೂಲನ್ನು ಹಿಡಿದನು. ಜನಸಂದಣಿಯನ್ನು ಸೀಳಿ ಆಚೆ ಬರುವಷ್ಟರಲ್ಲಿ ಹತ್ತು ತೋಟಾಗಳೂ ಮುಗಿದಿದ್ದವು. ಆರು ಗುಂಡಿನ ರಿವಾಲ್ವರ್ ಆಗಿದ್ದರೆ ಏನಾಗುತ್ತಿತ್ತೆಂದು ಊಹಿಸಲು ಚರಿತ್ರಕಾರನಿಗೆ ಅಧಿಕಾರವಿಲ್ಲ. ಆದರೆ 1898ರಲ್ಲಿ ಮಾರಾಟಕ್ಕಿದ್ದುದು ಶಂಕುಕುದುರೆಯ ರೂಪವೇ ಎಂಬುದನ್ನು ನಾವು ಮೇಲೆ ನೋಡಿದ್ದೇವೆ. ಮರುವರ್ಷ ನವೆಂಬರಿನಲ್ಲಿ ದಕ್ಷಿಣ ಆಫ್ರಿಕದಲ್ಲಿ ಬೋಯರರು ಕವಚರೈಲಿನ ಮೇಲೆ ದಾಳಿಮಾಡಿದಾಗ, ಹಳಿ ತೆರವು ಮಾಡುವ ಕೆಲಸಕ್ಕಾಗಿ ಅವನು ಪಿಸ್ತೂಲನ್ನು ಬಿಚ್ಚಿ ಎಂಜಿನ್ನಿನಲ್ಲಿ ಇಟ್ಟಿದ್ದನು. ಸೊಂಟಕ್ಕೆ ಕೈಹಾಕಿದಾಗ ಅದು ಇರಲಿಲ್ಲ, ಸೆರೆಯಾದನು.

ಚೀನಾದಲ್ಲಿ ಮರದ ಪೆಟ್ಟಿಗೆಯೇ ಪಿಸ್ತೂಲಿಗೆ ಹೆಸರಾಯಿತು. ಅಲ್ಲಿ ಅದನ್ನು 'ಹೆಝಿ ಪಾವ್', ಎಂದರೆ ಪೆಟ್ಟಿಗೆಯ ತೋಪು ಎಂದರು. 1919ರಿಂದ ಹತ್ತು ವರ್ಷ ಹೊರದೇಶಗಳು ಚೀನಾಕ್ಕೆ ರೈಫಲು ಮಾರುವುದನ್ನು ತಡೆದಿದ್ದವು. ಪಿಸ್ತೂಲು ಆ ತಡೆಗೆ ಒಳಪಟ್ಟಿರಲಿಲ್ಲ. ಪಿಸ್ತೂಲೆಂದು ಬಂದಿಳಿದು ರೈಫಲಾಗಿ ದುಡಿಯುವ ಆಯುಧ ಆ ದೇಶದ ದಂಡನಾಯಕರಿಗೆ ವರವಾಯಿತು. 1927ರ ನಾನ್‌ಚಾಂಗ್ ದಂಗೆಯಲ್ಲಿ ಝೂ ದ ಹಿಡಿದಿದ್ದ ಮೌಸರ್, ಆ ದಂಗೆಯ ನೆನಪಿಗೆಂದು ಮೈಮೇಲೆ ಕೊರೆದ ಅಕ್ಷರಗಳೊಡನೆ, ಇಂದು ಬೀಜಿಂಗಿನ ಸೇನಾ ಸಂಗ್ರಹಾಲಯದಲ್ಲಿದೆ.

ನಮ್ಮ ದೇಶದ ಕಥೆ ಅದಕ್ಕಿಂತ ಹದಿಮೂರು ವರ್ಷ ಹಿಂದಿನದು. ಪಾಲ್ ಮೌಸರ್ 1914ರ ಮೇ 29ರಂದು ತೀರಿಕೊಂಡನು. ಆಗಸ್ಟ್ 4ರಂದು ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಸಾರಿತು. ಅದಾದ ಇಪ್ಪತ್ತೆರಡನೆಯ ದಿನ, ಆಗಸ್ಟ್ 26ರಂದು, ಕಲಕತ್ತೆಯ ಪ್ರಸಿದ್ಧ ಬಂದೂಕು ವ್ಯಾಪಾರಿಗಳಾದ ಆರ್. ಬಿ. ರೊಡ್ಡಾ ಕಂಪನಿಯ ಗುಮಾಸ್ತ ಶ್ರೀಶಚಂದ್ರ ಮಿತ್ರ ಸುಂಕದ ಕಟ್ಟೆಗೆ ಹೋದರು. ಕಂಪನಿಯ ಹೆಸರಿಗೆ ಬಂದಿದ್ದ 202 ಪೆಟ್ಟಿಗೆ ಆಯುಧ ಮತ್ತು ತೋಟಾಗಳನ್ನು ಬಿಡಿಸಿ ಎತ್ತಿನ ಬಂಡಿಗಳಿಗೆ ಏರಿಸುವುದು ಅಂದಿನ ಅವರ ಕೆಲಸ. ಕಂಪನಿಯ ಗೋದಾಮಿಗೆ ತಲಪಿದ್ದು 192. ಉಳಿದ ಹತ್ತು ಪೆಟ್ಟಿಗೆಗಳನ್ನು ಹೊತ್ತ ಬಂಡಿ ಬೇರೆ ಬೀದಿಗೆ ತಿರುಗಿಕೊಂಡಿತು. ಅದನ್ನು ಹೊಡೆಯುತ್ತಿದ್ದವರು ಬಂಡಿಕಾರನ ವೇಷದಲ್ಲಿದ್ದ ಕ್ರಾಂತಿಕಾರಿ ಹರಿದಾಸ ದತ್ತ. ಆ ಪೆಟ್ಟಿಗೆಗಳಲ್ಲಿ 50 ಮೌಸರ್ ಪಿಸ್ತೂಲುಗಳೂ 46,000 ತೋಟಾಗಳೂ ಇದ್ದವು. ಒಂದು ಗುಂಡು ಹಾರಲಿಲ್ಲ, ಒಬ್ಬರಿಗೂ ಗಾಯವಾಗಲಿಲ್ಲ. ಕಂಪನಿಯಿಂದ ಪೊಲೀಸರಿಗೆ ದೂರು ಹೋಗಲು ಮೂರು ದಿನ ಬೇಕಾಯಿತು. ಅಷ್ಟರಲ್ಲಿ ಶ್ರೀಶಚಂದ್ರ ಮಿತ್ರರು ಮರೆಯಾಗಿದ್ದರು, ಮುಂದೆಂದೂ ಅವರು ಸರಕಾರದ ಕೈಗೆ ಸಿಗಲಿಲ್ಲ.

ಈ ಘಟನೆಯನ್ನು ವಿಚಾರಿಸಿದ ರೌಲತ್ ಸಮಿತಿಯ 1918ರ ವರದಿ ನಮ್ಮ ದೃಷ್ಟಿಯಿಂದ ಕುತೂಹಲಕರವಾಗಿದೆ. ಸಮಿತಿಯ ನ್ಯಾಯಾಧೀಶರು ಆಯುಧತಜ್ಞರಲ್ಲ. ಆದರೂ ಅವರು ಪಿಸ್ತೂಲಿನ ರಚನೆಯನ್ನು ಪ್ರಸ್ತಾಪಿಸದೆ ಇರಲಾಗಲಿಲ್ಲ. ಅದನ್ನಿಟ್ಟ ಪೆಟ್ಟಿಗೆಯನ್ನೇ ಹಿಡಿಗೆ ಜೋಡಿಸಿ ರೈಫಲಿನಂತೆ ಭುಜಕ್ಕಿಟ್ಟು ಹಾರಿಸಬಹುದೆಂಬುದನ್ನು ಅವರು ವಿಶೇಷವಾಗಿ ಗುರುತಿಸಿದರು. ಐವತ್ತರಲ್ಲಿ 44 ಪಿಸ್ತೂಲುಗಳು ಬಂಗಾಳದ ಒಂಬತ್ತು ಗುಪ್ತ ಗುಂಪುಗಳಿಗೆ ಬಹುಬೇಗ ಹಂಚಿಹೋದವೆಂದೂ ಮುಂದಿನ 54 ಪ್ರಕರಣಗಳಲ್ಲಿ ಅವು ಬಳಕೆಯಾದವೆಂದೂ ಅವರು ಲೆಕ್ಕ ಕೊಟ್ಟರು. ಇಷ್ಟು ಖಚಿತವಾಗಿ ಲೆಕ್ಕ ಹಾಕಲು ನೆರವಾದದ್ದು ಓಬರ್ನ್‌ಡಾರ್ಫಿನ ಕೆಲಸಗಾರರು ಪ್ರತಿಯೊಂದು ಪಿಸ್ತೂಲಿನ ಮೈಮೇಲೆ ತಪ್ಪದೆ ಕೊರೆದ ಕ್ರಮಸಂಖ್ಯೆ. ಆ ಸಂಖ್ಯೆಗಳು ರೊಡ್ಡಾ ಕಂಪನಿಯ ಪುಸ್ತಕದಲ್ಲಿದ್ದವು. ಸಿಕ್ಕಿದ ಪಿಸ್ತೂಲಿನ ಸಂಖ್ಯೆಯನ್ನು ಪುಸ್ತಕದ ಸಂಖ್ಯೆಗೆ ತಾಳೆ ನೋಡಿದರೆ ಪೊಲೀಸರಿಗೆ ಸಾಕು. ಫೀಡೆರ್ಲೆ ಸೋದರರ ಹೆಸರಿಗೆ ಜಾಗ ಸಿಗದ ಅದೇ ಉಕ್ಕಿನ ಮೇಲೆ ಈ ಅಂಕಿಗಳು ಕೂತಿದ್ದವು.

ಮರುವರ್ಷ ಒಡಿಶಾದ ಬಾಲಸೋರ್ ಕರಾವಳಿಯಲ್ಲಿ ಬಾಘಾ ಜತೀನ್ ಎಂದು ಹೆಸರಾದ ಜತೀಂದ್ರನಾಥ ಮುಖರ್ಜಿಯವರು ಜರ್ಮನರು ಕಳಿಸಬೇಕಾಗಿದ್ದ 'ಮ್ಯಾವರಿಕ್' ಹಡಗಿನ ರೈಫಲುಗಳಿಗಾಗಿ ಕಾದರು. ಆ ರೈಫಲುಗಳು ಬರಲೇ ಇಲ್ಲ. ಬುಢಾಬಲಂಗ ನದಿಯ ಬಳಿಯ ಚಷಾಖಂಡದಲ್ಲಿ 1915ರ ಸೆಪ್ಟೆಂಬರ್ 9ರಂದು ಪೊಲೀಸರು ಸುತ್ತುವರಿದಾಗ ಅವರ ಮತ್ತು ನಾಲ್ವರು ಸಂಗಾತಿಗಳ ಕೈಯಲ್ಲಿದ್ದುದು ಮೌಸರ್ ಪಿಸ್ತೂಲುಗಳು. ಜರ್ಮನಿ ನೇರವಾಗಿ ಕಳಿಸಲಾಗದ ಆಯುಧ, ಬ್ರಿಟಿಷ್ ವ್ಯಾಪಾರಿಯ ಬೇಡಿಕೆಯ ಮೇರೆಗೆ ಬ್ರಿಟಿಷ್ ಸುಂಕದ ಕಟ್ಟೆಯನ್ನೇ ದಾಟಿ ಬಂಗಾಳದ ಕ್ರಾಂತಿಕಾರಿಗಳನ್ನು ಸೇರಿತ್ತು! ತಮಗಿಂತ ಎಷ್ಟೋ ದೊಡ್ಡದಾದ ಸಶಸ್ತ್ರ ತುಕಡಿಯನ್ನು ಆ ಐವರು ಒಂದು ತಾಸಿಗೂ ಮಿಕ್ಕಿ ತಡೆದು ನಿಲ್ಲಿಸಿದರು. ಚಿತ್ತಪ್ರಿಯ ರಾಯಚೌಧುರಿ ಅಲ್ಲಿಯೇ ಮಡಿದರು. ಗಾಯಗೊಂಡ ಜತೀನ್ ಮರುದಿನ ಬಾಲಸೋರಿನ ಆಸ್ಪತ್ರೆಯಲ್ಲಿ ಪ್ರಾಣಬಿಟ್ಟರು. ಮನೋರಂಜನ ಸೇನಗುಪ್ತ, ನೀರೇಂದ್ರ ದಾಸಗುಪ್ತ ಗಲ್ಲಿಗೇರಿದರು. ಜ್ಯೋತಿಷ ಪಾಲರಿಗೆ ಕರಿನೀರಿನ ಶಿಕ್ಷೆಯಾಯಿತು.

ಇದೇ ಆಯುಧಕ್ಕೆ ಇನ್ನೊಂದು ಮುಖವೂ ಉಂಟು. 1925ರ ಆಗಸ್ಟ್ 9ರಂದು ಲಖನೌ ಬಳಿಯ ಕಾಕೋರಿಯಲ್ಲಿ ರಾಮಪ್ರಸಾದ ಬಿಸ್ಮಿಲ್ಲರ ಗುಂಪು ಸರಕಾರಿ ಹಣದ ರೈಲನ್ನು ನಿಲ್ಲಿಸಿದಾಗ ಯಾರನ್ನೂ ಕೊಲ್ಲುವ ಉದ್ದೇಶ ಅವರಿಗಿರಲಿಲ್ಲ. ಆದರೆ ಮೌಸರಿನಿಂದ ಅಕಸ್ಮಾತ್ತಾಗಿ ಸಿಡಿದ ಗುಂಡಿಗೆ ಒಬ್ಬ ಪ್ರಯಾಣಿಕನು ಬಲಿಯಾದನು. ಮೊಕದ್ದಮೆಯ ಗತಿಯೇ ಅದರಿಂದ ಬಿಗಿಯಾಯಿತು. 1927ರ ಡಿಸೆಂಬರಿನಲ್ಲಿ ಬಿಸ್ಮಿಲ್, ಅಶ್ಫಾಕುಲ್ಲಾ ಖಾನ್, ರೋಶನ್ ಸಿಂಗ್, ರಾಜೇಂದ್ರ ಲಾಹಿರಿ ನಾಲ್ವರನ್ನೂ ಗಲ್ಲಿಗೇರಿಸಲಾಯಿತು. ವೀರರ ಕಥೆ ಹೇಳುವಾಗ ಆ ಪ್ರಯಾಣಿಕನನ್ನು ಬಿಟ್ಟು ಹೇಳುವ ರೂಢಿ ನಮಗೆ ಒಪ್ಪಿಗೆಯಲ್ಲ.

ರೊಡ್ಡಾ ಕಂಪನಿಯ ಐವತ್ತು ಪಿಸ್ತೂಲುಗಳಲ್ಲಿ 31ನ್ನು ವಶಪಡಿಸಿಕೊಂಡಿರುವುದಾಗಿ ರೌಲತ್ ವರದಿ ಹೇಳುತ್ತದೆ. ಮಿಕ್ಕ ಹತ್ತೊಂಬತ್ತು ಆ ಹೊತ್ತಿಗೆ ಬಂಗಾಳದ ಯಾವ ಹುಲ್ಲಿನ ಮಾಡಿನ ಕೆಳಗಿದ್ದವೋ, ಯಾವ ಕೊಳದ ಕೆಸರಿನಲ್ಲಿದ್ದವೋ. ಕಾರ್ಖಾನೆ ಆ ಹೊತ್ತಿಗೆ ಸುಮಾರು ಹತ್ತು ವರ್ಷಗಳಿಂದ ಚಿಕ್ಕ ಉಂಗುರದ ಕುದುರೆಯ ರೂಪವನ್ನೇ ತಯಾರಿಸುತ್ತಿತ್ತು. ಅವುಗಳಲ್ಲೊಂದು ಎಂದಾದರೂ ಯಾರ ಕೈಗಾದರೂ ಸಿಕ್ಕಿದರೆ, ತುಕ್ಕನ್ನು ಉಜ್ಜಿ ಮೊದಲು ನೋಡಬೇಕಾದದ್ದು ಆ ಉಂಗುರವನ್ನು, ಆಮೇಲೆ ಚೌಕಟ್ಟಿನ ಮೇಲಿನ ಸಂಖ್ಯೆಯನ್ನು.